ಮಲೆನಾಡಿನ ಮನೆಯಲ್ಲಿ ಗಿಟಾರ್: ಬಿರುಕು ಏಕೆ ಬರುತ್ತದೆ, ಬಾರದಂತೆ ಕಾಯುವುದು ಹೇಗೆ

ಮಲೆನಾಡಿನಲ್ಲಿ ಅಕೂಸ್ಟಿಕ್ ಗಿಟಾರ್ ಇಟ್ಟುಕೊಂಡವರೆಲ್ಲ ಹೆದರುವುದು ಮಳೆಗಾಲಕ್ಕೆ. ಆದರೆ ಗಿಟಾರಿನ ಮೇಲ್ಹಲಗೆ ಸೀಳುವುದು ಹೆಚ್ಚಾಗಿ ಮಾಗಿಯ ಚಳಿ ಕಳೆದು ಶಿವರಾತ್ರಿ ಹತ್ತಿರವಾಗುವ ಹೊತ್ತಿಗೆ, ಮಳೆಯ ನೆನಪು ಮಾಸಿ ನಾವು ನಿಶ್ಚಿಂತರಾಗಿರುವ ದಿನಗಳಲ್ಲಿ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ನನ್ನ ಗಿಟಾರಿಗೆ ಆದದ್ದೂ ಇದೇ. ಆರಿದ್ರಾ ಮಳೆಯಿಂದ ಆಶ್ಲೇಷಾ ಮಳೆಯವರೆಗೆ ವಾರಕ್ಕೊಮ್ಮೆ ಬೂಷ್ಟು ಒರೆಸಿ, ತೇವ ಹೀರುವ ಸಿಲಿಕಾ ಜೆಲ್ ಚೀಲಗಳನ್ನು ಒಣಗಿಸಿ ಒಣಗಿಸಿ ಕೇಸಿನೊಳಗೆ ಇಟ್ಟು, ಮಗುವಿನಂತೆ ನೋಡಿಕೊಂಡಿದ್ದೆ. ಫೆಬ್ರವರಿಯ ಒಂದು ಮಧ್ಯಾಹ್ನ ಕೇಸ್ ತೆರೆದಾಗ ತಂತಿಯನ್ನು ಬೆರಳಿನಿಂದ ಒತ್ತುವ ಪಟ್ಟಿಯಾದ ಫ್ರೆಟ್‌ಬೋರ್ಡಿನ ಅಂಚಿನಿಂದ ನಡುವಿನ ದುಂಡು ತೂತಾದ ಸೌಂಡ್‌ಹೋಲ್‌ವರೆಗೆ ಕೂದಲೆಳೆಯಂಥ ಗೆರೆಯೊಂದು ಮೂಡಿತ್ತು. ಕೇಸಿನ ಮೂಲೆಯಲ್ಲಿ ಸಿಕ್ಕಿದ್ದು, ದೀಪಾವಳಿಗೆ ಮುಂಚೆ ಕೊನೆಯ ಸಲ ಒಣಗಿಸಿ ಇಟ್ಟು ನಾನೇ ಮರೆತುಹೋಗಿದ್ದ ಆ ಚೀಲಗಳು. ಹೊರಗಿನ ಗಾಳಿ ಒಣಗುತ್ತಿದ್ದಾಗ ಒಳಗಿನ ಕೊನೆಯ ಪಸೆಯನ್ನೂ ಅವು ಹೀರುತ್ತಾ ಕುಳಿತಿದ್ದವು.

ಹೀಗಾಗಿ ಗಿಟಾರನ್ನು ತೇವದಿಂದ ಕಾಯುವುದು ಹೇಗೆ ಎಂದು ಮಾತ್ರ ಕೇಳಿಕೊಂಡರೆ ಸಾಲದು. ತೇವದಿಂದ ಒಣಹವೆಗೆ ನಮ್ಮ ಊರಿನ ಗಾಳಿ ತೂಗಾಡುವ ಆ ತೂಗಾಟವನ್ನೇ ಕಡಿಮೆ ಮಾಡುವ ದಾರಿಯನ್ನು ಹುಡುಕಬೇಕು. ಅದಕ್ಕೆ ಮೊದಲು ಮರದ ಸ್ವಭಾವ ತಿಳಿದಿರುವುದು ಅಗತ್ಯ.

ಮರ ಬಿರಿಯುವ ಬಗೆ

ಕಡಿದು ಎಷ್ಟು ವರ್ಷವಾಗಿದ್ದರೂ ಮರವು ಗಾಳಿಯ ತೇವವನ್ನು ಹೀರುವುದನ್ನೂ ಬಿಡುವುದನ್ನೂ ನಿಲ್ಲಿಸುವುದಿಲ್ಲ. ಹಳೆಯ ಮನೆಯ ಬಾಗಿಲು ಜುಲೈನಲ್ಲಿ ಊದಿಕೊಂಡು ಚೌಕಟ್ಟಿಗೆ ಕಚ್ಚಿಕೊಳ್ಳುವುದನ್ನೂ, ಅದೇ ಬಾಗಿಲಿನ ಹಲಗೆಗಳ ನಡುವೆ ಮಾರ್ಚ್ ತಿಂಗಳಲ್ಲಿ ಬೆಳಕು ಕಾಣುವಷ್ಟು ಸಂದು ಬಿಡುವುದನ್ನೂ ನಾವೆಲ್ಲ ನೋಡಿದ್ದೇವೆ. ಮರ ತನ್ನ ಎಳೆಯ ಉದ್ದಕ್ಕೆ ಹಿಗ್ಗುವುದಾಗಲಿ ಕುಗ್ಗುವುದಾಗಲಿ ಲೆಕ್ಕಕ್ಕೆ ಬಾರದಷ್ಟು ಕಡಿಮೆ. ಬದಲಾವಣೆಯೆಲ್ಲ ಎಳೆಗೆ ಅಡ್ಡಲಾಗಿ, ಅಂದರೆ ಅಗಲದಲ್ಲಿ ಆಗುತ್ತದೆ.

ಗಿಟಾರಿನ ಮೇಲ್ಹಲಗೆ ಸಾಮಾನ್ಯವಾಗಿ ಸ್ಪ್ರೂಸ್ ಅಥವಾ ಸೀಡರ್ ಮರದ್ದು. ಸುಮಾರು ಎರಡೂವರೆಯಿಂದ ಮೂರು ಮಿಲಿಮೀಟರ್ ದಪ್ಪದ ಎರಡು ಹೋಳುಗಳನ್ನು ನಡುವೆ ಅಂಟಿಸಿ ಅದನ್ನು ಮಾಡಿರುತ್ತಾರೆ. ಕೆಳಭಾಗದಲ್ಲಿ ಅದರ ಅಗಲ 40 ಸೆಂಟಿಮೀಟರಿನಷ್ಟಿರುತ್ತದೆ. ಸಾಪೇಕ್ಷ ಆರ್ದ್ರತೆ (ಆ ಉಷ್ಣತೆಯಲ್ಲಿ ಗಾಳಿ ಹಿಡಿಯಬಲ್ಲ ತೇವದಲ್ಲಿ ಈಗ ಇರುವ ಪಾಲು) ಶೇ. 50ರಿಂದ ಶೇ. 30ಕ್ಕೆ ಇಳಿದು ಕೆಲವು ವಾರ ಅಲ್ಲೇ ನಿಂತರೆ, ಇಷ್ಟು ಅಗಲದ ಸ್ಪ್ರೂಸ್ ಹಲಗೆ ಒಂದೂವರೆ ಮಿಲಿಮೀಟರಿಗಿಂತಲೂ ಹೆಚ್ಚು ಕಿರಿದಾಗಲು ಬಯಸುತ್ತದೆ. ಆದರೆ ಹಲಗೆಯ ಒಳಮೈಗೆ ಅಡ್ಡಡ್ಡವಾಗಿ ಅಂಟಿಸಿರುವ ಬ್ರೇಸ್ ಪಟ್ಟಿಗಳ ಉದ್ದ ಬದಲಾಗುವುದಿಲ್ಲ, ಸುತ್ತಲಿನ ಪಕ್ಕದ ಹಲಗೆಗಳೂ ಬಿಡುವುದಿಲ್ಲ. ಕುಗ್ಗಲು ಹೊರಟ ಹಲಗೆಯನ್ನು ನಾಲ್ಕೂ ಕಡೆಯಿಂದ ಹಿಡಿದು ಎಳೆದಂತಾಗಿ, ಎಲ್ಲಿ ಎಳೆ ದುರ್ಬಲವೋ ಅಲ್ಲಿ ಎಳೆಯ ಜಾಡಿನಲ್ಲೇ ಸೀಳು ಬೀಳುತ್ತದೆ.

ಮಳೆಗಾಲದ ತೇವವೂ ಇದಕ್ಕೆ ಪರೋಕ್ಷವಾಗಿ ಕಾರಣವಾಗುತ್ತದೆ ಎಂಬುದು ಬಹಳ ಮಂದಿಗೆ ತಿಳಿಯದು. ಗುದ್ದಲಿಯ ಕಾವು ಸಡಿಲವಾದಾಗ ಅದನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಹಾಕುವುದು ನಮ್ಮ ತೋಟಗಳಲ್ಲಿ ರೂಢಿ. ಮರುದಿನ ಕಾವು ಭದ್ರವಾಗಿರುತ್ತದೆ. ಆದರೆ ಒಣಗಿದ ಮೇಲೆ ಮೊದಲಿಗಿಂತಲೂ ಸಡಿಲವಾಗುತ್ತದೆ. ಊದಿದ ಮರಕ್ಕೆ ಕಬ್ಬಿಣದ ಬಳೆ ಹರಡಲು ಜಾಗ ಕೊಡದೆ, ಮರದ ಕೋಶಗಳು ತಮ್ಮಲ್ಲೇ ಜಜ್ಜಿಕೊಂಡಿರುತ್ತವೆ. ಒಣಗಿದಾಗ ಕಾವು ಹಳೆಯ ಅಳತೆಗೆ ಮರಳದೆ ಅದಕ್ಕಿಂತ ತೆಳ್ಳಗಾಗುತ್ತದೆ. ಬ್ರೇಸ್‌ಗಳ ನಡುವೆ ಸಿಕ್ಕಿಕೊಂಡ ಮೇಲ್ಹಲಗೆಗೆ ಆಗುವುದೂ ಇದೇ. ಜುಲೈನಲ್ಲಿ ಶೇ. 90ರ ತೇವದಲ್ಲಿ ನೆನೆದ ಗಿಟಾರ್ ಫೆಬ್ರವರಿಯ ಒಣಹವೆಯನ್ನು ಎದುರಿಸುವಾಗ, ಮಳೆಯನ್ನೇ ಕಾಣದ ಗಿಟಾರಿಗಿಂತ ಹೆಚ್ಚು ಸುಲಭವಾಗಿ ಸೀಳುತ್ತದೆ.

ಮಲೆನಾಡಿನಲ್ಲಿ ಒಣಹವೆ ಎಲ್ಲಿದೆ ಎಂದು ಕೇಳುವವರಿಗೆ ಒಂದು ಲೆಕ್ಕ ಹೇಳಬೇಕು. ಮಾಗಿಯ ಬೆಳಗಿನಲ್ಲಿ ಮಂಜು ಕವಿದು ಉಷ್ಣತೆ 15 ಡಿಗ್ರಿಯೂ ಆರ್ದ್ರತೆ ಶೇ. 90ರಷ್ಟೂ ಇದೆಯೆಂದುಕೊಳ್ಳಿ. ಅದೇ ಗಾಳಿ, ಹನಿ ತೇವವೂ ಹೆಚ್ಚದೆ ಕಡಿಮೆಯಾಗದೆ, ಮಧ್ಯಾಹ್ನ 30 ಡಿಗ್ರಿಗೆ ಕಾದರೆ ಅದರ ಆರ್ದ್ರತೆ ಶೇ. 36ರ ಸುಮಾರಿಗೆ ಬಂದು ನಿಲ್ಲುತ್ತದೆ. ಬೆಳಗಿನ ಇಬ್ಬನಿ ನೋಡಿ ಮೋಸಹೋಗುವುದು ಇಲ್ಲಿಯೇ. ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಕಾಣುವ ಆಗುಂಬೆಗೂ ಬಯಲಿಗೆ ತಾಗಿಕೊಂಡ ಶಿವಮೊಗ್ಗ ನಗರಕ್ಕೂ ಬಹಳ ವ್ಯತ್ಯಾಸವಿದೆ. ನಗರದ ತಾರಸಿ ಮನೆಯ ಮೇಲಂತಸ್ತಿನ ಕೋಣೆ ಮಾರ್ಚ್ ತಿಂಗಳಲ್ಲಿ ಹೆಂಚಿನ ಮನೆಯ ನಡುಮನೆಗಿಂತ ಎಷ್ಟೋ ಪಾಲು ಒಣಗಿರುತ್ತದೆ.

ನಿಮ್ಮ ಗಿಟಾರ್ ಯಾವ ಬಗೆಯದು

ಮುಂದಿನ ಹೆಜ್ಜೆಗಳೆಲ್ಲ ಮುಖ್ಯವಾಗಿ ಇಡಿಮರದ ಮೇಲ್ಹಲಗೆಯ ಗಿಟಾರಿಗೆ ಸಂಬಂಧಿಸಿದವು. ಸೌಂಡ್‌ಹೋಲಿನ ಅಂಚನ್ನು ಬೆಳಕಿನಲ್ಲಿ ನೋಡಿ. ಮೇಲ್ಮೈಯ ಎಳೆಗಳು ಅಂಚಿನಲ್ಲಿ ತಿರುಗಿ ಹಾಗೆಯೇ ಒಳಗಿಳಿದಿದ್ದರೆ ಅದು ಇಡಿಮರ. ಪದರ ಪದರವಾಗಿ ಕಂಡರೆ ಪ್ಲೈವುಡ್. ಅಗ್ಗದ ಗಿಟಾರ್‌ಗಳು ಬಹುತೇಕ ಪ್ಲೈವುಡ್ಡಿನವು. ಪದರಗಳು ಒಂದಕ್ಕೊಂದು ಅಡ್ಡವಾಗಿ ಅಂಟಿರುವುದರಿಂದ ಒಣಹವೆಗೆ ಅವು ಸೀಳುವುದು ಅಪರೂಪ. ಕಲಿಯುವ ಮಗುವಿಗೆ, ಅದರಲ್ಲೂ ಘಟ್ಟದ ಮೇಲಿನ ಮನೆಗೆ, ಮೊದಲ ಗಿಟಾರ್ ಪ್ಲೈವುಡ್ಡಿನದೇ ಇರಲಿ ಎನ್ನುವುದು ನನ್ನ ಅಭಿಪ್ರಾಯ. ಧ್ವನಿ ಸ್ವಲ್ಪ ಮಂಕಾದರೂ ಚಿಂತೆ ಕಡಿಮೆ.

ಇಡಿಮರದ ಗಿಟಾರಿನ ಹಿಂಬದಿ ಮತ್ತು ಪಕ್ಕಗಳಿಗೆ ಬಳಸುವ ಇಂಡಿಯನ್ ರೋಸ್‌ವುಡ್ ನಮ್ಮದೇ ಬೀಟೆ ಮರ. ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲಿ ಬ್ರೆಜಿಲಿನ ರೋಸ್‌ವುಡ್ಡನ್ನು ಬಿಟ್ಟು ಬೀಟೆಯನ್ನು ಹಿಡಿಯಿತು. ಆದರೆ ಬೀಟೆ ಈ ಕಾಡಿನದೇ ಆದ ಮಾತ್ರಕ್ಕೆ ಇಲ್ಲಿನ ಹವೆಗೆ ಹೊಂದಿಕೊಂಡೀತು ಎಂದು ನಂಬುವಂತಿಲ್ಲ, ಏಕೆಂದರೆ ಅದನ್ನು ಹದಮಾಡಿ ಅಂಟಿಸಿರುವುದು ಆರ್ದ್ರತೆಯನ್ನು ಶೇ. 50ರ ಆಸುಪಾಸಿನಲ್ಲಿ ಕಟ್ಟಿಹಾಕಿದ ಕಾರ್ಖಾನೆಯ ಕೋಣೆಯಲ್ಲಿ. ಮಾರ್ಟಿನ್, ಟೇಲರ್ ಮುಂತಾದ ತಯಾರಕರು ಗಿಟಾರನ್ನು ಶೇ. 45ರಿಂದ 55ರ ನಡುವೆ ಇಡಿ ಎಂದು ಹೇಳುವುದು ಇದೇ ಕಾರಣಕ್ಕೆ.

ಮೊದಲ ಹೆಜ್ಜೆ: ಅಳೆಯುವುದು

ಆರ್ದ್ರತೆ ಅಳೆಯುವ ಚಿಕ್ಕ ಡಿಜಿಟಲ್ ಹೈಗ್ರೋಮೀಟರ್ ಒಂದನ್ನು ಕೊಳ್ಳಿ. ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಅಗ್ಗದ ಮೀಟರುಗಳು ತಪ್ಪು ತೋರಿಸುವುದು ಸಾಮಾನ್ಯವಾದ್ದರಿಂದ ಬಳಸುವ ಮುನ್ನ ಪರೀಕ್ಷಿಸಬೇಕು. ಬಾಟಲಿಯ ಮುಚ್ಚಳವೊಂದರಲ್ಲಿ ಅಡುಗೆಯ ಪುಡಿ ಉಪ್ಪು ತುಂಬಿ, ಕೆಲವು ಹನಿ ನೀರು ಹಾಕಿ ಒದ್ದೆ ಮರಳಿನಂತೆ ಮಾಡಿ. ನೀರು ಮೇಲೆ ನಿಲ್ಲಬಾರದು. ಆ ಮುಚ್ಚಳವನ್ನೂ ಮೀಟರನ್ನೂ ಗಾಳಿಯಾಡದ ಡಬ್ಬಿಯಲ್ಲಿ ಒಂದಕ್ಕೊಂದು ತಾಗದಂತೆ ಇಟ್ಟು ಹನ್ನೆರಡು ಗಂಟೆ ಬಿಡಿ. ಡಬ್ಬಿಯೊಳಗಿನ ಆರ್ದ್ರತೆ ಶೇ. 75ಕ್ಕೆ ಬಂದು ನಿಲ್ಲುತ್ತದೆ. ಮೀಟರು 70 ತೋರಿಸಿದರೆ ಅದು ಐದು ಕಡಿಮೆ ತೋರಿಸುತ್ತದೆ ಎಂದು ತಿಳಿದು, ಮುಂದಿನ ಪ್ರತಿ ಅಳತೆಗೂ ಐದು ಸೇರಿಸಿಕೊಳ್ಳಿ.

ಮಳೆಗಾಲದಲ್ಲಿ ಭರಣಿಯ ಉಪ್ಪು ನೀರಾಗುವುದೂ ಈ 75ರ ಲೆಕ್ಕದ್ದೇ. ಗಾಳಿ ಆ ಗಡಿ ದಾಟಿದಾಗ ಶುದ್ಧ ಉಪ್ಪು ಒದ್ದೆಯಾಗತೊಡಗುತ್ತದೆ, ಕಲ್ಲುಪ್ಪು ಅದಕ್ಕೂ ಮೊದಲೇ. ಅಡುಗೆಮನೆಯ ಉಪ್ಪು ಪಸೆಗಟ್ಟಿದ ದಿನ ಗಿಟಾರನ್ನು ಗೋಡೆಯಿಂದ ಇಳಿಸಿ ಕೇಸಿಗೆ ಸೇರಿಸಬೇಕೆಂದು ನಮ್ಮ ಮನೆಯಲ್ಲಿ ನಿಯಮ ಮಾಡಿಕೊಂಡಿದ್ದೇವೆ. ಆದರೆ ಉಪ್ಪು ಒಣಹವೆಯ ಸುದ್ದಿಯನ್ನು ಹೇಳಲಾರದು. ಅದಕ್ಕೆ ಮೀಟರೇ ಬೇಕು. ಮೀಟರನ್ನು ಕೇಸಿನೊಳಗೆ ಇಟ್ಟು ಒಂದು ವಾರ ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಗುರುತು ಹಾಕಿಕೊಂಡರೆ ನಿಮ್ಮ ಕೋಣೆಯ ಸ್ವಭಾವ ನಿಮಗೇ ತಿಳಿಯುತ್ತದೆ.

ಎರಡನೆಯ ಹೆಜ್ಜೆ: ಜಾಗ

ಗಿಟಾರಿಗೆ ಉತ್ತಮ ಜಾಗವೆಂದರೆ ಒಳಗೋಣೆಯಲ್ಲಿ, ಮುಚ್ಚಿದ ಗಟ್ಟಿ ಕೇಸಿನೊಳಗೆ. ಬಟ್ಟೆಯ ಬ್ಯಾಗ್ ಧೂಳು ತಡೆಯುತ್ತದೆಯೇ ಹೊರತು ತೇವವನ್ನು ತಡೆಯುವುದಿಲ್ಲ. ಮಳೆ ಬಡಿಯುವ ಜಂಬಿಟ್ಟಿಗೆಯ ಹೊರಗೋಡೆಗೆ ಗಿಟಾರ್ ನೇತುಹಾಕಿದರೆ ಅದರ ಬೆನ್ನು ಆರು ತಿಂಗಳು ಹಸಿಗೋಡೆಯನ್ನು ನೋಡಿಕೊಂಡಿರುತ್ತದೆ. ಅಟ್ಟದಲ್ಲಿಟ್ಟರೆ ಬೇಸಿಗೆಯಲ್ಲಿ ಹೆಂಚಿನ ಕಾವು ತಗಲುತ್ತದೆ. ಬಚ್ಚಲ ಒಲೆಯ ಅಥವಾ ಅಡಿಕೆ ಬೇಯಿಸುವ ಒಲೆಯ ಹಿಂಬದಿಯ ಗೋಡೆ ಮಳೆಗಾಲದಲ್ಲಿ ಬೆಚ್ಚಗಿರುವುದರಿಂದ ಅದೇ ಸುರಕ್ಷಿತವೆಂದು ತೋರುವುದು ಸಹಜ. ಆದರೆ ಒಲೆ ಉರಿಯುವ ಹೊತ್ತಿನಲ್ಲಿ ಒಣಗಿ, ಆರಿದ ಹೊತ್ತಿನಲ್ಲಿ ನೆನೆದು, ದಿನಕ್ಕೆರಡು ಬಾರಿ ಮರವನ್ನು ಸತಾಯಿಸಿದಂತಾಗುತ್ತದೆ. ಕಿಟಕಿಯ ಬಿಸಿಲು, ಫ್ರಿಜ್ಜಿನ ಮೇಲ್ಭಾಗ, ಇನ್ವರ್ಟರಿನ ಪಕ್ಕ, ಏಸಿಯ ಗಾಳಿ ನೇರವಾಗಿ ಬೀಸುವ ಮೂಲೆ ಇವೂ ಬೇಡ.

ಮೂರನೆಯ ಹೆಜ್ಜೆ: ಮಳೆಗಾಲ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೇಸಿನೊಳಗಿನ ಆರ್ದ್ರತೆಯನ್ನು ಶೇ. 50ಕ್ಕೆ ತರುತ್ತೇನೆಂಬ ಹಟ ಬೇಡ. ಶೇ. 60ರ ಹತ್ತಿರ ಇರಿಸಿದರೂ ದೊಡ್ಡ ಕೆಲಸ ಮಾಡಿದಂತೆಯೇ. ಬಣ್ಣ ಬದಲಿಸುವ ಸಿಲಿಕಾ ಜೆಲ್ ಹರಳುಗಳನ್ನು ತೆಳುಬಟ್ಟೆಯ ಚೀಲದಲ್ಲಿ ಕಟ್ಟಿ, ತಂತಿ ಬಿಗಿಯುವ ತಲೆಭಾಗವಾದ ಹೆಡ್‌ಸ್ಟಾಕಿನ ಕೆಳಗೊಂದು, ದೇಹದ ಪಕ್ಕದ ಸಂದಿನಲ್ಲೊಂದು ಇಡಿ. ಬಣ್ಣ ಮಾಸಿದಾಗ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಕಾಯಿಸಿ, ಪೂರ್ತಿ ಆರಿದ ಮೇಲೆ ಮರಳಿ ಇಡಬಹುದು. ಅಡುಗೆಗೆ ಬಳಸುವ ಬಾಣಲೆ ಮಾತ್ರ ಬೇಡ. ಕೇಸನ್ನು ಬೇಕಾದಾಗಲಷ್ಟೇ ತೆರೆಯಿರಿ, ನುಡಿಸಿ ಮುಗಿದ ಕೂಡಲೇ ಮುಚ್ಚಿರಿ. ಕೇಸಿನೊಳಗೆ ಬಲ್ಬು ಹಾಕುವ ಉಪಾಯವನ್ನು ನಾನು ಯಾರಿಗೂ ಹೇಳುವುದಿಲ್ಲ.

ಈ ತಿಂಗಳುಗಳಲ್ಲಿ ಮೇಲ್ಹಲಗೆ ಬ್ರಿಡ್ಜಿನ (ತಂತಿಗಳ ಬುಡವನ್ನು ಹಿಡಿದಿರುವ ಮರದ ತುಂಡಿನ) ಹಿಂದೆ ಉಬ್ಬುತ್ತದೆ, ತಂತಿಗಳು ಫ್ರೆಟ್‌ಬೋರ್ಡಿನಿಂದ ಮೇಲೇಳುತ್ತವೆ, ನುಡಿಸಲು ಬೆರಳು ನೋಯುತ್ತದೆ, ಧ್ವನಿ ಹತ್ತಿ ತುಂಬಿದಂತೆ ಕೇಳುತ್ತದೆ. ಆತುರಪಟ್ಟು, ಬ್ರಿಡ್ಜಿನ ಮೇಲೆ ತಂತಿಗಳನ್ನು ಹೊತ್ತಿರುವ ಸ್ಯಾಡಲ್ ಪಟ್ಟಿಯನ್ನು ತೇಯಿಸಿ ತಂತಿಯನ್ನು ತಗ್ಗಿಸಿದವರು ಜನವರಿಯಲ್ಲಿ ಪಶ್ಚಾತ್ತಾಪ ಪಡುತ್ತಾರೆ. ಹಲಗೆ ಒಣಗಿ ಕೆಳಗಿಳಿದಾಗ ಪ್ರತಿ ಫ್ರೆಟ್ಟಿನಲ್ಲೂ (ಫ್ರೆಟ್‌ಬೋರ್ಡಿನ ಲೋಹದ ಅಡ್ಡಪಟ್ಟಿ) ತಂತಿ ತಾಗಿ ಗಿಂಯ್‌ಗುಡತೊಡಗುತ್ತದೆ. ಬೂಷ್ಟು ಕಂಡರೆ ಒಣಬಟ್ಟೆಯಿಂದ ಒರೆಸಿದರೆ ಸಾಕು. ಮೇಲ್ಹಲಗೆಗೆ ಕೊಬ್ಬರಿ ಎಣ್ಣೆ ಸವರುವುದು ಬೇಡವೇ ಬೇಡ.

ನಾಲ್ಕನೆಯ ಹೆಜ್ಜೆ: ಮಳೆ ಬಿಟ್ಟ ಮೇಲೆ

ಇಡೀ ವರ್ಷದಲ್ಲಿ ನಿರ್ಣಾಯಕವಾದ ದಿನ ಸಿಲಿಕಾ ಜೆಲ್ ಹೊರತೆಗೆಯುವ ದಿನ. ಕೇಸಿನೊಳಗಿನ ಮೀಟರು ಶೇ. 55ಕ್ಕಿಂತ ಕೆಳಗೆ ಎರಡು ಮೂರು ದಿನ ನಿಂತರೆ ಚೀಲಗಳನ್ನು ತೆಗೆದು ಬಿಗಿಯಾದ ಡಬ್ಬಿಗೆ ಹಾಕಿಡಿ. ಘಟ್ಟದ ಅಂಚಿನ ಊರುಗಳಲ್ಲಿ ಇದು ದೀಪಾವಳಿ ಕಳೆದ ಮೇಲೆ, ಶಿವಮೊಗ್ಗ ನಗರದಲ್ಲಿ ಅದಕ್ಕಿಂತ ಮುಂಚೆಯೇ ಬರಬಹುದು. ಪಂಚಾಂಗಕ್ಕಿಂತ ಮೀಟರನ್ನು ನಂಬಿರಿ.

ಆರ್ದ್ರತೆ ಶೇ. 45ಕ್ಕಿಂತ ಇಳಿಯತೊಡಗಿದಾಗ ತೇವ ಕೊಡುವ ಕೆಲಸ ಆರಂಭವಾಗಬೇಕು. ಪ್ಲಾಸ್ಟಿಕ್ ಸೋಪಿನ ಡಬ್ಬಿಯೊಂದರ ಮುಚ್ಚಳಕ್ಕೆ ಕಾದ ಮೊಳೆಯಿಂದ ಹತ್ತಿಪ್ಪತ್ತು ತೂತು ಹಾಕಿ, ಒಳಗೆ ಸ್ಪಂಜು ಇಟ್ಟರೆ ಹ್ಯುಮಿಡಿಫೈಯರ್ ಸಿದ್ಧವಾದಂತೆ. ಸ್ಪಂಜನ್ನು ಡಿಸ್ಟಿಲ್ಡ್ ನೀರಿನಲ್ಲಿ ಅದ್ದಿ, ಹಿಂಡಿದರೂ ಹನಿ ಬೀಳದಷ್ಟು ಗಟ್ಟಿಯಾಗಿ ಹಿಂಡಿ ಇಡಬೇಕು. ಬ್ಯಾಟರಿಗೆಂದು ಮಾರುವ ನೀರು ಇದೇ, ಆದರೆ ಆಸಿಡ್ ಕ್ಯಾನನ್ನು ತಂದುಬಿಡಬೇಡಿ. ಬಾವಿಯ ನೀರಾದರೆ ಸ್ಪಂಜಿನಲ್ಲಿ ಲವಣ ಕಟ್ಟುತ್ತದೆ, ಬೇಗನೆ ಪಾಚಿವಾಸನೆ ಬರುತ್ತದೆ. ಡಬ್ಬಿಯನ್ನು ಕೇಸಿನಲ್ಲಿ ನೆಕ್ಕಿನ ಬುಡದ ಪಕ್ಕದ ಖಾಲಿ ಜಾಗದಲ್ಲಿ, ತೂತುಗಳು ಮರಕ್ಕೆ ತಾಗದಂತೆ ಇಟ್ಟು, ನಾಲ್ಕೈದು ದಿನಕ್ಕೊಮ್ಮೆ ನೋಡಿ. ಖರ್ಚು ಮಾಡಬಲ್ಲವರು ಬೊವೇಡಾದಂಥ ಎರಡೂ ಕಡೆ ಕೆಲಸ ಮಾಡುವ ಪೊಟ್ಟಣಗಳನ್ನು ತರಿಸಿಕೊಳ್ಳಬಹುದು; ಶೇ. 49ರ ಗುರುತಿನ ಪೊಟ್ಟಣ ಒಣಹವೆಯಲ್ಲಿ ತೇವ ಕೊಡುತ್ತದೆ, ತೇವದಲ್ಲಿ ಹೀರುತ್ತದೆ. ನಮ್ಮ ಜಡಿಮಳೆಯ ಎದುರಿಗೆ ಮಾತ್ರ ಅದು ಬೇಗನೆ ಊದಿ ಸೋಲುತ್ತದೆ. ಹಾಗಾಗಿ ಅದನ್ನು ನವೆಂಬರ್‌ನಿಂದ ಮೇವರೆಗಿನ ವಸ್ತುವೆಂದು ತಿಳಿದರೆ ಹಣ ಉಳಿಯುತ್ತದೆ.

ಫ್ರೆಟ್‌ಬೋರ್ಡಿಗೆ ಎಣ್ಣೆ ಹಚ್ಚಿದ್ದೇನೆ, ಇನ್ನೇನು ಭಯ ಎಂದುಕೊಳ್ಳಬೇಡಿ. ಎಣ್ಣೆಯಿಂದ ಬಣ್ಣ ಹೊಳೆಯುತ್ತದೆ. ಅದು ಗಾಳಿಯ ತೇವಕ್ಕೆ ಬದಲಿಯಲ್ಲ.

ಪ್ರಯಾಣ

ಮಲೆನಾಡಿನ ಹುಡುಗ ಹುಡುಗಿಯರು ಗಿಟಾರ್ ಹೊತ್ತು ಬೆಂಗಳೂರಿಗೋ ಬಳ್ಳಾರಿಗೋ ಕಲಬುರಗಿಗೋ ಓದಲು ಹೋಗುತ್ತಾರೆ. ಆಗಸ್ಟಿನಲ್ಲಿ ಕೊಪ್ಪದ ಮನೆಯಿಂದ ಹೊರಟ ಗಿಟಾರ್ ಮರುದಿನ ಏಸಿ ಕೋಣೆಯೊಳಗೆ ನೇತಾಡಿದರೆ, ನಾಲ್ಕು ತಿಂಗಳಲ್ಲಿ ಆಗಬೇಕಾದ ಒಣಗುವಿಕೆ ಕೆಲವೇ ದಿನಗಳಲ್ಲಿ ಆಗಿಬಿಡುತ್ತದೆ. ಹೊಸ ಊರಿಗೆ ಹೋದ ಮೊದಲ ತಿಂಗಳು ಗಿಟಾರ್ ಕೇಸಿನೊಳಗೇ ವಾಸಿಸಲಿ, ಸೋಪಿನ ಡಬ್ಬಿ ಜೊತೆಗಿರಲಿ. ಏಸಿ ಬಸ್ಸಿನಿಂದ ಇಳಿದ ಕೂಡಲೇ ಕೇಸ್ ತೆರೆಯದೆ ಅರ್ಧ ದಿನ ಬಿಡಿ. ಉಷ್ಣತೆ ಹಠಾತ್ತನೆ ಬದಲಾದರೆ ಲ್ಯಾಕರ್ ಲೇಪನ ನವಿರಾಗಿ ಒಡೆಯುತ್ತದೆ. ಬಿಸಿಲಿನಲ್ಲಿ ನಿಲ್ಲಿಸಿದ ಮುಚ್ಚಿದ ಕಾರಿನೊಳಗೆ ಉಷ್ಣತೆ 60 ಡಿಗ್ರಿಯನ್ನು ಮುಟ್ಟಬಹುದು. ತಂತಿಗಳು ಒಟ್ಟು 70 ಕಿಲೋಗಿಂತ ಹೆಚ್ಚಿನ ಬಲದಿಂದ ಬ್ರಿಡ್ಜನ್ನು ಎಳೆಯುತ್ತಿರುವಾಗ ಅಂಟು ಮೆತ್ತಗಾದರೆ ಬ್ರಿಡ್ಜ್ ಕಿತ್ತು ಬರುವುದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ.

ತಿಂಗಳಿಗೊಮ್ಮೆ ನೋಡಬೇಕಾದದ್ದು

ಬಿರುಕು ಹೇಳದೆ ಬರುವುದು ಕಡಿಮೆ. ನೆಕ್ಕಿನ ಅಂಚಿನಲ್ಲಿ ಬೆರಳಾಡಿಸಿದಾಗ ಫ್ರೆಟ್ಟುಗಳ ತುದಿ ಚುಚ್ಚಿದರೆ ಫ್ರೆಟ್‌ಬೋರ್ಡಿನ ಮರ ಕುಗ್ಗಿದೆ ಎಂದರ್ಥ. ಬ್ರಿಡ್ಜಿಗೂ ಸೌಂಡ್‌ಹೋಲಿಗೂ ನಡುವಿನ ಹಲಗೆ ತಗ್ಗಾಗಿ, ಕಾರಣವಿಲ್ಲದೆ ತಂತಿಗಳು ಕೆಳಗಿಳಿದಿದ್ದರೆ ಒಣಗುವಿಕೆ ಮುಂದುವರಿದಿದೆ. ಅದೇ ದಿನ ತೇವ ಕೊಡಲು ಶುರುಮಾಡಿದರೆ ಹೆಚ್ಚಿನ ಸಲ ಗಿಟಾರ್ ಉಳಿಯುತ್ತದೆ.

ಸೀಳು ಬೀಳುವ ಸ್ಥಳಗಳೂ ಗೊತ್ತಿರುವಂಥವೇ. ಎರಡು ಹೋಳು ಸೇರುವ ನಡುಗೆರೆ ಒಂದು. ಫ್ರೆಟ್‌ಬೋರ್ಡಿನ ಎರಡು ಪಕ್ಕಗಳು ಇನ್ನೊಂದು. ಸ್ಪ್ರೂಸಿನ ಮೇಲೆ ಅಂಟಿಸಿದ ಎಬೊನಿ ಅಥವಾ ಬೀಟೆಯ ಪಟ್ಟಿ ತಾನು ಕುಗ್ಗುವಾಗ ತನ್ನೊಡನೆ ಹಲಗೆಯನ್ನೂ ಎಳೆಯುತ್ತದೆ. ಹಳೆಯ ಗಿಟಾರುಗಳಲ್ಲಿ ಬರಿಮರಕ್ಕೆ ನೇರವಾಗಿ ಅಂಟಿಸಿದ ಪಿಕ್‌ಗಾರ್ಡ್ (ಗೀರು ಬೀಳದಂತೆ ಹಾಕುವ ತೆಳು ಹಾಳೆ) ವರ್ಷಗಳು ಕಳೆದಂತೆ ಕುಗ್ಗಿ ತನ್ನ ಅಂಚಿನಲ್ಲೇ ಸೀಳು ತರುತ್ತದೆ. ಬ್ರಿಡ್ಜಿನ ಪಿನ್ನುಗಳ ಸಾಲಿನಿಂದ ಹೊರಟ ಬಿರುಕು ಇವೆಲ್ಲಕ್ಕಿಂತ ಗಂಭೀರವಾದದ್ದು, ಏಕೆಂದರೆ ತಂತಿಗಳ ಭಾರವೆಲ್ಲ ಅಲ್ಲಿ ಬೀಳುತ್ತದೆ.

ಕಂಡ ಗೆರೆ ಮರದ್ದೋ ಬರೀ ಪಾಲಿಶಿನದ್ದೋ ಎಂದು ತಿಳಿಯಲು ಕತ್ತಲ ಕೋಣೆಯಲ್ಲಿ ಸೌಂಡ್‌ಹೋಲಿನೊಳಗೆ ಚಿಕ್ಕ ಟಾರ್ಚ್ ಇಟ್ಟು ನೋಡಿ. ಬೆಳಕು ಗೆರೆಯಲ್ಲಿ ಸೋರಿದರೆ ಸಂದೇಹ ಬೇಡ. ಬೆಳಕು ಕಾಣದಿದ್ದರೂ ಗೆರೆಯ ಒಂದು ಪಕ್ಕವನ್ನು ಬೆರಳಿನಿಂದ ಮೆಲ್ಲಗೆ ಒತ್ತಿದಾಗ ಅದು ಇನ್ನೊಂದು ಪಕ್ಕಕ್ಕಿಂತ ಕೆಳಗಿಳಿದರೆ ಮರ ಸೀಳಿದೆ. ಗೆರೆ ಎಳೆಯ ಜಾಡು ಬಿಟ್ಟು ಅಡ್ಡಾದಿಡ್ಡಿ ಓಡಿದ್ದರೆ ಅದು ಬಹುಶಃ ಲೇಪನದ ಒಡಕು. ಅದರಿಂದ ಅಂದ ಕೆಡುತ್ತದೆಯೇ ಹೊರತು ಅಪಾಯವಿಲ್ಲ.

ಬಿರುಕು ಬಿದ್ದೇಬಿಟ್ಟರೆ

ಮೊದಲು ಮಾಡಬೇಕಾದದ್ದು ಏನನ್ನೂ ಅಂಟಿಸದಿರುವುದು. ಪರಿಚಯದವರೊಬ್ಬರು ಅಂಗಡಿಯೊಂದರಲ್ಲಿ ಗಿಟಾರ್ ಕೊಟ್ಟಾಗ ಅಲ್ಲಿದ್ದವರು ಎರಡೇ ನಿಮಿಷದಲ್ಲಿ ಸೀಳಿನೊಳಗೆ ಕ್ಷಣದಲ್ಲಿ ಕಚ್ಚುವ ಅಂಟು ಸುರಿದು ಕೊಟ್ಟರು. ಪಾಲಿಶಿನ ಮೇಲೆ ಬಿಳಿ ಕಲೆ ಉಳಿಯಿತು. ಮಳೆಗಾಲದಲ್ಲಿ ಹಲಗೆ ಊದಿದಾಗ, ಅಂಟು ತುಂಬಿದ ಸೀಳು ಮುಚ್ಚಿಕೊಳ್ಳಲಾಗದೆ, ಬೆರಳಗಲ ದೂರದಲ್ಲಿ ಹಲಗೆ ಏರಿ ನಿಂತಿತು. ಮರದಪುಡಿ ಮತ್ತು ಫೆವಿಕಾಲ್ ಕಲಸಿ ತುಂಬುವುದರಲ್ಲೂ ಇದೇ ದೋಷವಿದೆ. ಪೀಠೋಪಕರಣದ ಕೆಲಸದಲ್ಲಿ ಎಷ್ಟೇ ಪಳಗಿದ ಆಚಾರಿಯಾದರೂ, ಮೂರು ಮಿಲಿಮೀಟರಿನ ಕಂಪಿಸುವ ಹಲಗೆಯ ಕೆಲಸ ಬೇರೆಯದೇ.

ತಂತಿಗಳನ್ನು ಸಡಿಲಿಸಿ. ಕೇಸಿನೊಳಗೆ ಸೋಪಿನ ಡಬ್ಬಿ ಇಟ್ಟು, ಆರ್ದ್ರತೆಯನ್ನು ನಿಧಾನವಾಗಿ ಶೇ. 50ಕ್ಕೆ ತಂದು, ಒಂದೆರಡು ವಾರ ಅಲ್ಲಿಯೇ ನಿಲ್ಲಿಸಿ. ಅವಸರದಿಂದ ಒದ್ದೆ ಬಟ್ಟೆ ಹಾಸುವುದಾಗಲಿ ಹಬೆ ಹಿಡಿಯುವುದಾಗಲಿ ಬೇಡ. ಹಲವು ಬಿರುಕುಗಳು ಹುಡುಕಿದರೂ ಕಾಣದಂತೆ ಮುಚ್ಚಿಕೊಳ್ಳುತ್ತವೆ. ಹಾಗೆಂದು ವಾಸಿಯಾಯಿತೆಂದು ತಿಳಿಯಬಾರದು, ಬೇಸಿಗೆಯಲ್ಲಿ ಅದೇ ಜಾಗ ಮತ್ತೆ ತೆರೆದುಕೊಳ್ಳುತ್ತದೆ. ಹಾಗಾಗಿ ಮೊದಲ ದಿನವೇ ಗೆರೆಯ ಎರಡು ತುದಿಗಳ ಫೋಟೋವನ್ನು ಸ್ಕೇಲ್ ಪಕ್ಕದಲ್ಲಿಟ್ಟು ತೆಗೆದುಕೊಳ್ಳಿ.

ಮುಚ್ಚಿಕೊಂಡ ಸ್ಥಿತಿಯಲ್ಲೇ ಗಿಟಾರನ್ನು ವಾದ್ಯ ದುರಸ್ತಿ ಬಲ್ಲವರ ಬಳಿ ಒಯ್ಯಬೇಕು. ಅವರು ಸೀಳಿನೊಳಗೆ ಮರದ ಅಂಟನ್ನು ಬೆರಳಿನಿಂದ ಒತ್ತಿ ಒತ್ತಿ ಇಳಿಸಿ, ಬಿಗಿಹಿಡಿದು, ಹಲಗೆಯ ಒಳಮೈಗೆ ಸ್ಪ್ರೂಸಿನ ಚಿಕ್ಕ ಚಿಕ್ಕ ತುಣುಕುಗಳನ್ನು ಸೀಳಿಗೆ ಅಡ್ಡಲಾಗಿ ಅಂಟಿಸುತ್ತಾರೆ. ತುಣುಕಿನ ಎಳೆ ಹಲಗೆಯ ಎಳೆಗೆ ಅಡ್ಡ ಇದೆಯೇ ಎಂದು ಕೇಳಿ ತಿಳಿದುಕೊಳ್ಳಿ, ಏಕೆಂದರೆ ಸೀಳು ಮತ್ತೆ ಬಾಯಿ ಬಿಡದಂತೆ ಹಿಡಿದಿಡುವುದು ಆ ಅಡ್ಡ ಎಳೆಯೇ. ತೇವ ಕೊಟ್ಟರೂ ಮುಚ್ಚದ ಅಗಲವಾದ ಸೀಳಿಗೆ ಅದೇ ಜಾತಿಯ ಮರದ ಕಡ್ಡಿಯಷ್ಟು ತೆಳುವಾದ ಚಕ್ಕೆಯನ್ನು ಕೂರಿಸುತ್ತಾರೆ. ನನ್ನ ಗಿಟಾರಿಗೆ ಮೂರು ತುಣುಕುಗಳು ಬಿದ್ದವು. ಧ್ವನಿಯಲ್ಲಿ ವ್ಯತ್ಯಾಸ ನನ್ನ ಕಿವಿಗಂತೂ ತಿಳಿಯಲಿಲ್ಲ.

ದುರಸ್ತಿಯಾದ ಗಿಟಾರಿಗೆ ಒಂದು ಮಳೆಗಾಲ ಮತ್ತು ಒಂದು ಬೇಸಿಗೆ ಕಳೆಯುವವರೆಗೆ ಹಗುರವಾದ ತಂತಿಗಳನ್ನೇ ಹಾಕಿ. ತಿಂಗಳಿಗೊಮ್ಮೆ ಟಾರ್ಚ್ ಇಟ್ಟು ಗೆರೆಯ ತುದಿಗಳನ್ನು ಹಳೆಯ ಫೋಟೋದೊಂದಿಗೆ ಹೋಲಿಸಿ. ತುದಿ ಮುಂದಕ್ಕೆ ಸರಿದಿದ್ದರೆ ಮತ್ತೊಂದು ತುಣುಕು ಬೇಕಾಗುತ್ತದೆ. ಮರುವರ್ಷದ ಶಿವರಾತ್ರಿಗೂ ಅದು ಅಲ್ಲಿಯೇ ನಿಂತಿದ್ದರೆ ಎಂದಿನ ತಂತಿಗಳಿಗೆ ಮರಳಬಹುದು.